ಎರಡನೆಯ ಬ್ರೇಕು

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಕಾರು ಓಡಿಸಲು ಕಲಿಸುತ್ತಲೇ ಅರ್ಧ ಆಯುಸ್ಸು ಕಳೆದವರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರ ಕೈಕಾಲು ಆಡದಿದ್ದಾಗ ಮೇಷ್ಟ್ರೇ ಒತ್ತಿ ಗಾಡಿ ನಿಲ್ಲಿಸಬೇಕು. "ಹೆದರಬೇಡಮ್ಮಾ, ನನ್ನ ಕಾಲು ಬ್ರೇಕ್ ಮೇಲೇ ಇದೆ, ಹೋಗು" ಎನ್ನುವುದು ಭಾವನ ನಿತ್ಯದ ಮಂತ್ರ. ಆ ಅಭ್ಯಾಸ ಮನೆಯಲ್ಲೂ ಬಿಡಲಿಲ್ಲ. ಅಕ್ಕ ಬಿಸಿ ಪಾತ್ರೆ ಹಿಡಿದು ದಡಬಡ ಬಂದರೆ ಸಾಕು, ಮೇಜಿನಡಿ ಭಾವನ ಬಲಗಾಲು ನೆಲ ಒತ್ತುತ್ತಿತ್ತು.

"ನನಗೂ ಬ್ರೇಕ್ ಹಾಕ್ತೀರೇನ್ರೀ?" ಎಂದು ಅಕ್ಕ ರೇಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಅದೇ ಕಾಲು ಕೈಕೊಟ್ಟಿತು. ತಿರುವಿನಲ್ಲಿ ಕಲಿಯುವವನು ಗಾಬರಿಯಿಂದ ವೇಗ ಹೆಚ್ಚಿಸಿದ. ಭಾವನ ಮಂಡಿ ಹಿಡಿದುಕೊಂಡು ಪಾದ ಕೆಳಗಿಳಿಯಲೇ ಇಲ್ಲ. ಕಾರು ಫುಟ್‌ಪಾತ್ ಹತ್ತಿ, ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಮುದುಕರೊಬ್ಬರ ಮೊಣಕಾಲಿನಿಂದ ಗೇಣು ದೂರದಲ್ಲಿ ತಾನಾಗಿಯೇ ಆಫ್ ಆಗಿ ನಿಂತಿತು. ಕಿವಿ ಮಂದವೋ ಏನೋ, ಮುದುಕರು ತಲೆಯೆತ್ತದೆ ಹಾಳೆ ತಿರುವಿದರು. ಭಾವನ ಜೀವ ಮಾತ್ರ ಬಾಯಿಗೆ ಬಂದಿತ್ತು. ಮತ್ತೆಂದೂ ಅವರು ಆ ಸೀಟಿನಲ್ಲಿ ಕೂರಲಿಲ್ಲ.

"ಕೂತು ಮಾಡೋ ಕೆಲಸ ಕಲೀರಿ" ಎಂದು ಅಕ್ಕನೇ ಅವರನ್ನು ಕಂಪ್ಯೂಟರ್ ತರಗತಿಗೆ ದಬ್ಬಿದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬೀದಿಯವರೆಲ್ಲ ಕಿಸಕ್ಕೆಂದರು. ಮರ ಬಗ್ಗಿತು, ಸ್ವಲ್ಪ ಲಟಲಟ ಸದ್ದು ಮಾಡಿಕೊಂಡೇ. ಪ್ರೋಗ್ರಾಂ ಬರೆಯಲು ಕಲಿತು ಒಂದು ಚಿಕ್ಕ ಕಂಪನಿಗೆ ಸೇರಿದರು. ಯಾವ ಮಗುವನ್ನು ಎಲ್ಲಿ ಇಳಿಸಬೇಕು ಎಂದು ಶಾಲಾ ವ್ಯಾನಿನ ಚಾಲಕರಿಗೆ ಮೊಬೈಲಿನಲ್ಲಿ ತಿಳಿಸುವ ಸಾಫ್ಟ್‌ವೇರ್ ಆ ಕಂಪನಿಯದು. ಅಲ್ಲಿ ಭಾವನಿಗೆ ಮೇಲಿನವರಾಗಿ ಸಿಕ್ಕಿದ್ದು ಯಾರು ಅಂತೀರಿ? ಹಿಂದೊಮ್ಮೆ ಅವರ ಹತ್ತಿರವೇ ಕಾರು ಕಲಿತ ಹುಡುಗಿ. ಈಗ ಮೇಡಂ.

ಬರೆಯುವುದೇನೋ ಭಾವನಿಗೆ ಒಲಿಯಿತು. ಬರೆದದ್ದನ್ನು ನಿಜವಾದ ವ್ಯಾನುಗಳಿಗೆ ಬಿಡುವ ಗುಂಡಿ ಒತ್ತಲು ಮಾತ್ರ ಕೈ ಮುಂದೆ ಬರುತ್ತಿರಲಿಲ್ಲ. ತನ್ನದೊಂದು ಸಾಲು ತಪ್ಪಿದರೆ ಯಾವುದೋ ಮಗು ಯಾವುದೋ ತಿರುವಿನಲ್ಲಿ ಒಂಟಿಯಾಗಿ ಇಳಿದೀತು. ಕಣ್ಣು ಮುಚ್ಚಿದರೆ ಆ ಬೆಂಚು, ಆ ಪೇಪರು. ಪ್ರತಿ ಸಲವೂ "ಮೇಡಂ, ನೀವೇ ಒತ್ತಿಬಿಡಿ" ಎಂದು ಗೋಗರೆಯುತ್ತಿದ್ದರು. ಕೊನೆಗೆ ಮೇಡಂಗೂ ಮೇಲಿನ ಮ್ಯಾನೇಜರ್ ಭಾವನನ್ನು ಕರೆದು, ಈ ಸಲ ಸ್ವತಃ ಒತ್ತದಿದ್ದರೆ ಕೆಲಸ ಖಾಯಂ ಆಗುವುದಿಲ್ಲ, ಮನೆಗೆ ಹೋಗಬಹುದು ಎಂದುಬಿಟ್ಟರು.

ಒಂದು ರಸ್ತೆ ಅಗೆದಿದ್ದರಿಂದ ಅಲ್ಲಿನ ನಿಲ್ದಾಣವನ್ನು ಪಕ್ಕದ ಬೀದಿಗೆ ಬದಲಿಸಬೇಕಿತ್ತು. ಭಾವ ಬರೆದು ಮುಗಿಸಿದ್ದರು. ಶಾಲೆ ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ಎದುರಿನ ಮೇಜಿನಲ್ಲಿ ಮೇಡಂ ತಮ್ಮ ಕಂಪ್ಯೂಟರ್ ಮುಂದೆ ಕೂತಿದ್ದರು.

"ಮೇಡಂ, ತಪ್ಪಾದ್ರೆ?" ಎಂದರು ಭಾವ.

"ಇಲ್ಲಿಂದ ತಡೀತೀನಿ. ಹೆದರಬೇಡಿ ಸಾರ್, ನನ್ನ ಕಾಲು ಬ್ರೇಕ್ ಮೇಲೇ ಇದೆ, ಹೋಗಿ."

ತಮ್ಮದೇ ಮಾತು ತಮಗೇ ಬಂದಾಗ ಭಾವ ಗುಂಡಿ ಒತ್ತಿದರು. ಒತ್ತಿದ್ದು ಬೆರಳೊಂದೇ ಅಲ್ಲ, ಮೇಜಿನಡಿ ಬಲಗಾಲೂ ನೆಲ ಒತ್ತಿತು.

ಆಮೇಲಿನದು ನರಕ. ಪರದೆಯ ನಕ್ಷೆಯಲ್ಲಿ ವ್ಯಾನು ಒಂದು ಚುಕ್ಕೆಯಾಗಿ ಹೊರಟಿತು. ಅಗೆದ ರಸ್ತೆಯ ತಿರುವಿಗೆ ಬಂದು ನಿಂತುಬಿಟ್ಟಿತು. ಮಂಡಿ ಚುಚ್ಚುತ್ತಿದ್ದರೂ ಭಾವ ಕಾಲು ಎತ್ತಲಿಲ್ಲ. ಚುಕ್ಕೆ ಅಲುಗಿತು, ಪಕ್ಕದ ಬೀದಿಗೆ ಹೊರಳಿತು, ನಿಂತಿತು. 'ಮಕ್ಕಳನ್ನು ಮನೆಯವರು ಕರೆದುಕೊಂಡರು' ಎಂದು ಚಾಲಕನ ಸಂದೇಶ ಬಂತು.

ಕೈಮುಗಿಯಲೆಂದು ಭಾವ ಎದ್ದು ಮೇಡಂ ಮೇಜಿನ ಆಚೆ ಬದಿಗೆ ಹೋದರು. ಅವರ ಪರದೆ ಕಪ್ಪಗಿತ್ತು. ಕಂಪ್ಯೂಟರ್ ಆನ್ ಮಾಡಿರಲೇ ಇಲ್ಲ.

"ಅಯ್ಯೋ, ಬ್ರೇಕ್?"

"ನನ್ನ ಕಡೇ ಪಾಠದ ದಿನ ನೀವೂ ಹೀಗೇ ಅಂದಿದ್ರಿ. ಗಾಡಿ ನಿಲ್ಲಿಸಿ ನೋಡಿದ್ರೆ ಸೀಟ್ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತಿದ್ರಿ!"

"ಅದು ಖಾಲಿ ರಸ್ತೆ ಅಮ್ಮಾ!"

"ಇದೂ ಖಾಲೀನೇ ಸಾರ್. ನೀವು ಬರೆದದ್ದನ್ನ ನಿನ್ನೆಯೇ ಪೂರ್ತಿ ಪರೀಕ್ಷೆ ಮಾಡಿ ನೋಡಿದ್ದೆ."

ಭಾವ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಈ ಆಟವನ್ನು ಅವರು ಎಷ್ಟೋ ಜನರ ಮೇಲೆ ಹೂಡಿ ಹೊಟ್ಟೆ ತುಂಬ ನಕ್ಕಿದ್ದರು. ಈಗ ನಗು ಬರಲಿಲ್ಲ.

"ಅವತ್ತು ನಿಂಗೂ ಇಷ್ಟು ಭಯ ಆಗಿತ್ತಾ?" ಎಂದರು. ಮೇಡಂ ಎನ್ನಲು ಮರೆತೇಬಿಟ್ಟಿದ್ದರು.

"ಆಗಿತ್ತು ಸಾರ್. ಗಾಡಿ ಹತ್ತಿದಾಗೆಲ್ಲ ಈಗಲೂ ಆಗುತ್ತೆ."

ಮರುವಾರ ಇನ್ನೊಂದು ನಿಲ್ದಾಣ ಬದಲಾಯಿತು. ಮೇಡಂ ರಜೆಯಲ್ಲಿದ್ದರು. ಎದುರಿನ ಖಾಲಿ ಕುರ್ಚಿಯನ್ನು ಭಾವ ಒಮ್ಮೆ ನೋಡಿದರು. ಆಮೇಲೆ ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡು, ತಾವೇ ಗುಂಡಿ ಒತ್ತಿದರು.