ವಿಟ್ಠಲಣ್ಣನ ಮೂರನೇ ಬಡಿತ

ವಿಟ್ಠಲಣ್ಣ ನನ್ನನ್ನು ಬಾಯಿಂದ ಕರೆದದ್ದಕ್ಕಿಂತ ಗೋಡೆ ಬಡಿದು ಕರೆದದ್ದೇ ಹೆಚ್ಚು. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಹೊಲಿಗೆ ಅಂಗಡಿ, ಪಕ್ಕದಲ್ಲಿ ಅವರ ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿ. ನಡುವೆ ಬರೀ ಹಲಗೆ ಗೋಡೆ. ಮಧ್ಯಾಹ್ನ ಒಂದೂ ಕಾಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್. ನಾನು ಮೆಷಿನ್ ತುಳಿಯುತ್ತಲೇ ಇರುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು, ಜೋರಾಗಿ, ಇನ್ನೊಂದು ಟಕ್.

“ಶಾರದಕ್ಕಾ, ಊಟ ಆಯ್ತಾ?”

“ಆಯ್ತು ಮಾರಾಯ್ರೆ!”

“ಸುಳ್ಳು. ಮೆಷಿನ್ ಇನ್ನೂ ಓಡ್ತಿದೆ.”

ಬೆಳಿಗ್ಗೆ ಶುಗರ್ ಗುಳಿಗೆ ನುಂಗಿ, ಮಧ್ಯಾಹ್ನ ಊಟ ಮರೆತು, ಒಮ್ಮೆ ಕತ್ತರಿ ಹಿಡಿದಲ್ಲೇ ಕುಸಿದಿದ್ದೆ. ಓಡಿಬಂದು ಸಕ್ಕರೆ ನೀರು ಕುಡಿಸಿದವರು ಅವರೇ. ಬಡಿತ ಶುರುವಾದದ್ದು ಅದರ ಮಾರನೇ ದಿನದಿಂದ.

ರಿಪೇರಿಗೆ ಬರುವವರು ಕಡಿಮೆಯಾದ ಮೇಲೆ ಅವರಿಗೆ ಬೆಂಕಿಪೊಟ್ಟಣದಷ್ಟಿರುವ ನೀಲಿ ಎಲೆಕ್ಟ್ರಾನಿಕ್ ಬೋರ್ಡುಗಳ ಹುಚ್ಚು ಹಿಡಿಯಿತು. ಕಂಪ್ಯೂಟರಿನಲ್ಲಿ ಬರೆದದ್ದನ್ನು ವಯರು ಚುಚ್ಚಿ ಅದಕ್ಕೆ ತುಂಬಿದರೆ ಸಾಕು, ಆಮೇಲೆ ಹೇಳಿದ ಕೆಲಸವನ್ನು ಅದು ತಾನೇ ಮಾಡುತ್ತಿರುತ್ತದೆ. ಹಾಗೆ ತುಂಬುವುದಕ್ಕೆ, ಸಾಗರದ ಕಾಲೇಜಿನಲ್ಲಿ ಪಾಠ ಮಾಡುವ ಅವರ ಮಗಳು ನಯನ ಹೇಳಿದ ದೊಡ್ಡ ಸಾಫ್ಟ್‌ವೇರ್ ಹಾಕಿದರೆ, ಅವರ ಹಳೇ ಲ್ಯಾಪ್‌ಟಾಪ್ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಕೊನೆಗೆ ಎಲ್ಲಿಂದಲೋ ಒಂದು ಪುಟ್ಟದನ್ನು ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಂಡರು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಹೊಡೆದರೆ ಬೋರ್ಡಿನ ದೀಪ ಪಿಳಿಪಿಳಿ ಎಂದು ಕೆಲಸ ಮುಗಿಯುತ್ತಿತ್ತು.

“ಒಂದು ದೋಸೆ ಹೊಯ್ಯಕ್ಕೆ ಮದುವೆಮನೆ ಒಲೆ ಹೂಡ್ತಾರಾ ಅಕ್ಕಾ?” ಎನ್ನುತ್ತಿದ್ದರು.

ಬರೆದ ಪ್ರತಿ ಸಾಲಿನ ಪಕ್ಕ ಎರಡು ಓರೆ ಗೆರೆ ಎಳೆದು, ಅದನ್ನು ಯಾಕೆ ಬರೆದೆ ಎಂದು ಕನ್ನಡದಲ್ಲೇ ಗುರುತು ಹಾಕಿಡುತ್ತಿದ್ದರು. “ಇದು ಬೋರ್ಡಿಗಲ್ಲ. ಗೆರೆ ಕಂಡ್ರೆ ಅದು ಮುಂದೆ ಓದಲ್ಲ. ನಾಳೆ ನಂಗೇ ಮರೆತು ಹೋದ್ರೆ ಎಂತ ಮಾಡೋದು?”

ಹೋದ ವರ್ಷ ಎದೆಯ ಆಪರೇಷನ್ನಿಗೆ ಹೊರಡುವ ಮುನ್ನ, ಹಲಗೆಗೆ ತಮ್ಮ ಕಡೆಯಿಂದ ಒಂದು ಬೋರ್ಡು, ಪುಟ್ಟ ಮೋಟಾರು, ಅದರ ತುದಿಗೆ ಮರದ ಚೂರು ಕೂರಿಸಿದರು. ಕರೆಂಟು ಹೋದರೂ ನಿಲ್ಲದಂತೆ ಬ್ಯಾಟರಿ. ಸರಿಯಾಗಿ ಒಂದೂ ಕಾಲಿಗೆ ತಮ್ಮ ಕೈಯಿಂದಲೇ ಚಾಲೂ ಮಾಡಿದರು. ಅದರಲ್ಲಿ ಗಡಿಯಾರವಿಲ್ಲ. ಚಾಲೂ ಆದ ಗಳಿಗೆಯಿಂದ ಎಣಿಸುತ್ತ ಹೋಗಿ ದಿನಕ್ಕೊಮ್ಮೆ ಬಡಿಯುತ್ತದೆ, ಅಷ್ಟೆ.

ಮೂರು ದಿನ ನೋಡಿ ತಲೆ ಕೆರೆದುಕೊಂಡರು. “ದಿನಾ ಒಂದು ನಿಮಿಷ ಹಿಂದೆ ಬೀಳ್ತಿದೆಯಲ್ಲ! ಎಣಿಕೆ ಒಂಚೂರು ನಿಧಾನ. ಬಂದು ಸರಿ ಮಾಡ್ತೀನಿ. ಅಲ್ಲಿವರೆಗೆ ಇದು ಬಡಿದಾಗ ಏಳಿ,” ಎಂದು ಷಟರ್ ಎಳೆದರು.

ಬರಲಿಲ್ಲ.

ಬೋರ್ಡು ಬಡಿಯುತ್ತಲೇ ಇದೆ, ಬೀಗ ಹಾಕಿದ ಅಂಗಡಿಯ ಒಳಗಿನಿಂದ. ತಿಂಗಳುಗಳು ಕಳೆದಂತೆ ಬಡಿತದ ಹೊತ್ತು ಜಾರಿ ಒಂದೂವರೆಯಾಯಿತು, ಮೂರಾಯಿತು, ಸಂಜೆಗೆ ಬಂತು. ಊಟಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ. ಆ ಟಕ್ ಟಕ್ ಕೇಳಿ ರವಿಕೆ ಅಳತೆಗೆ ನಿಂತ ಹೆಂಗಸರು ಬೆಚ್ಚಿಬೀಳುತ್ತಾರೆ.

“ಪಕ್ಕದಲ್ಲಿ ಯಾರೂ ಇಲ್ವಲ್ಲ ಅಕ್ಕಾ?”

“ಇದ್ದಾರೆ. ಕೈ ಎತ್ತು ಮಾರಾಯ್ತಿ, ಅಲ್ಲಾಡಬೇಡ.”

ಮೊನ್ನೆ ನಯನ ಬಂದು ಬೀಗ ತೆಗೆದಳು. ಅಪ್ಪನ ಪೆನ್‌ಡ್ರೈವ್ ಹಾಕಿ ಅವರು ಬರೆದದ್ದನ್ನು ತೋರಿಸಿದಳು. ಎರಡು ಬಡಿತಕ್ಕೆ ಎರಡು ಸಾಲು, ಸುಮ್ಮನಿರಲು ಒಂದು, ಆಮೇಲೆ ಮೂರನೇ ಬಡಿತ. ಅದರ ಪಕ್ಕ ಎರಡು ಓರೆ ಗೆರೆ ಎಳೆದು ಬರೆದಿದ್ದರು: ‘ಮೊದಲ ಎರಡಕ್ಕೆ ಅಕ್ಕ ಏಳಲ್ಲ.’

“ಒಂದು ಅಂಕಿ ತಿದ್ದಿ, ಸರಿಯಾಗಿ ಒಂದೂ ಕಾಲಿಗೆ ಮತ್ತೆ ತುಂಬಿದ್ರೆ ಸಾಕು ಶಾರದತ್ತೆ. ನಾಳೆಯಿಂದ ದಿನಾ ಅದೇ ಹೊತ್ತಿಗೆ ಬಡಿಯುತ್ತೆ.”

“ಅಪ್ಪ ಶುರು ಮಾಡಿದ ಎಣಿಕೆ?”

“ಅದು ಹೋಗುತ್ತೆ. ಮತ್ತೆ ಸೊನ್ನೆಯಿಂದ.” ಅವಳ ಬೆರಳು ಕೀಬೋರ್ಡಿನ ಮೇಲೆಯೇ ಇತ್ತು. “ಇವತ್ತು ಬೇಡ ಅಲ್ವಾ?” ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಆರೂವರೆಗೆ ಅಂಗಡಿ ಮುಚ್ಚುತ್ತಿದ್ದವಳು ನಾನು. ಈಗ ದಿನಕ್ಕೊಂದು ನಿಮಿಷ ತಡ. ಬಟ್ಟೆಯೆಲ್ಲ ಮಡಚಿಟ್ಟು, ಬೀಗ ಕೈಯಲ್ಲಿ ಹಿಡಿದು ಹಲಗೆಯ ಪಕ್ಕ ನಿಲ್ಲುತ್ತೇನೆ. ಟಕ್ ಟಕ್. ಮೂರನೆಯದು ಬರಲಿ ಎಂದು ಕಾಯುತ್ತೇನೆ. ಬಂದ ಮೇಲೆ, “ಆಯ್ತು ಮಾರಾಯ್ರೆ,” ಎಂದು ದೀಪ ಆರಿಸುತ್ತೇನೆ.

ನಿನ್ನೆ ಬಡಿದದ್ದು ಆರೂ ಐವತ್ತಕ್ಕೆ. ನಾನು ಮನೆಗೆ ಹೋಗಬೇಕಾದ ನಮ್ಮೂರಿನ ಕೊನೆಯ ಬಸ್ಸು ಏಳೂ ಹತ್ತಕ್ಕೆ.