ಪಕ್ಕದ ಮನೆಯವರ ಹೇಳಿಕೆ

ಹೆಂಡತಿ ತೀರಿಕೊಂಡ ಎರಡನೇ ತಿಂಗಳಿಗೆ, ಶಾಲಾ ಶಿಕ್ಷಕನಾದ ನನಗೆ ನವನಗರದಲ್ಲಿ ಮನೆಗಳ ಸಮೀಕ್ಷೆಯ ಕೆಲಸ ಬಂತು. ಮನೆಗೆ ಬೀಗವಿದ್ದರೆ ಪಕ್ಕದವರನ್ನು ಕೇಳಿ ಬರೆದುಕೊಳ್ಳಬೇಕೆಂಬುದು ನಿಯಮ. ಅಂಥ ಒಂದು ಮನೆಯ ಬಗ್ಗೆ ಪಕ್ಕದ ಹಿರಿಯರನ್ನು ವಿಚಾರಿಸಿದೆ.

“ಭಾಳ ಛಲೋ ಮಂದಿರೀ ಸರ,” ಎಂದರು.

“ಹೆಸರೇನ್ರಿ?”

“ಅದು ಗೊತ್ತಿಲ್ರಿ.”

“ಮತ್ತ ಛಲೋ ಅಂತ ಹೆಂಗ ಹೇಳ್ತೀರಿ?”

“ಆರು ವರ್ಷಾತು, ಒಂದಿನಾನೂ ಮಾತಾಡ್ಸಿಲ್ರಿ.”

“ಎಷ್ಟ ಮಂದಿ ಅದಾರ?”

“ಬಾಗಲದಾಗ ಎರಡ ಜೋಡಿ ಚಪ್ಪಲಿ ಇರ್ತಾವ. ಇಬ್ರು ಅಂತ ಬರಕೊಳ್ರಿ.”

ಬರೆದುಕೊಂಡೆ.

ಸಂಜೆ ವಿದ್ಯಾನಗರದ ನನ್ನ ಮನೆಗೆ ಬಂದರೆ, ನಾನಿಲ್ಲದಾಗ ಸಮೀಕ್ಷೆಗೆ ಬಂದಿದ್ದ ಬೇರೆ ಶಿಕ್ಷಕರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಪಕ್ಕದ ಮನೆಯವರ ಹೇಳಿಕೆಯಂತೆ ಇಲ್ಲಿ ಇಬ್ಬರಿದ್ದಾರೆ ಎಂದು ಅದರಲ್ಲಿತ್ತು.

ಅವಳ ಚಪ್ಪಲಿ ಬಾಗಿಲ ಪಕ್ಕದಲ್ಲೇ ಇತ್ತು.