ಖಾಲಿ ಬಿಟ್ಟ ಜಾಗದಿಂದ ಬಂದ ದನಿ

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಬಟ್ಟೆ ಹೊಲಿಯುವವಳು, ಕಥೆ ಕಟ್ಟುವುದು ನನ್ನ ಕಸುಬಲ್ಲ. ಹೆದರಿಸಿ ನನಗೇನೂ ಆಗಬೇಕಾದ್ದಿಲ್ಲ. ಇದು ನನ್ನ ಮನೆಯಲ್ಲಿ, ನಾನು ಪೂರ್ತಿ ಎಚ್ಚರ ಇದ್ದಾಗ ನಡೆದದ್ದು.

ನನ್ನ ಹೆಸರು ಮಾಯವ್ವ. ಮೂಡಲಗಿಯಲ್ಲಿ ಊರು ಮುಗಿದು ಕಬ್ಬಿನ ಹೊಲ ಶುರುವಾಗುವಲ್ಲಿ ರಸ್ತೆಗೆ ಹತ್ತಿದಂತೆ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್, ಹಿಂದೆ ಸಂಸಾರ. ಸಂಸಾರ ಎಂದರೆ ಈಗ ನಾನೊಬ್ಬಳೇ.

ನನಗೆ ಮೊದಲಿನಿಂದಲೂ ಡೊಳ್ಳಿನ ಪದದ ಹುಚ್ಚು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೀರಪ್ಪನ ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರು ನಿಂತು, ಡೊಳ್ಳು ಬಾರಿಸುತ್ತ, ಹಾಡಿನಲ್ಲೇ ಸವಾಲು ಹಾಕಿ ಹಾಡಿನಲ್ಲೇ ಜವಾಬು ಕೊಡುತ್ತ ಬೆಳಗು ಮಾಡುತ್ತಾರೆ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಪದಕ್ಕೊಂದರಂತೆ ಕತ್ತರಿಸಿ ಜೋಡಿಸಿದರೆ ಅದೇ ನಮ್ಮ ಆಲ್ಬಂ. ಗೋಕಾಕದಿಂದ ಹುಕ್ಕೇರಿಯವರೆಗಿನ ಕೇಳುಗರದ್ದೊಂದು ವಾಟ್ಸಾಪ್ ಗುಂಪಿದೆ, 'ಡೊಳ್ಳಿನ ದೋಸ್ತರು' ಎಂದು. ಅದರಲ್ಲಿ ನಾನು 'ಮೂಡಲಗಿ ಟೇಲರ್ ಅಕ್ಕ'. ಯಾರ ಹೆಂಡತಿ, ಯಾರ ಮಗಳು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಗುಂಪಿನಲ್ಲಿ ಒಂದು ರಿವಾಜು. ಸುಮ್ಮನೆ ಹಾಡು ತಂದು ಸುರಿಯುವಂತಿಲ್ಲ. ಯಾವ ಪದದಿಂದ ಶುರು ಮಾಡಬೇಕು, ಯಾರ ದನಿಗೆ ಕಿವಿ ಕೊಡಬೇಕು ಎಂದು ಬರೆಯಲೇಬೇಕು. ಇದಕ್ಕೇ ಜಗಳ. ಗೋಕಾಕದ ಚಹಾದಂಗಡಿಯ ಅಣ್ಣನೊಬ್ಬ ಯಾವಾಗಲೂ ಒಂದೇ ಮೇಳವನ್ನು ಹೊಗಳುತ್ತಾನೆ, ಅದು ನಿಮ್ಮ ಬೀಗರ ಮೇಳವೇ ಎಂದು ಎಲ್ಲರೂ ಕಾಡುತ್ತಾರೆ. ನನ್ನದು ಹುಕ್ಕೇರಿ ಕಡೆಯ ಹೆಣ್ಣುಮಕ್ಕಳ ಮೇಳ. ಅವರ ಆಲ್ಬಂ ಕೇಳದವರಿಗೆ ಕಿವಿ ಯಾಕೆ ಬೇಕು ಎಂದು ನಾನೇ ಬರೆದದ್ದುಂಟು.

ನಮ್ಮ ಮನೆಯವರೂ ಮೇಳದಲ್ಲಿದ್ದರು. ಇದೇ ಊರಿನ ಯಲ್ಲಪ್ಪ ಕಾಕಾನ ಮೇಳ. ಯಲ್ಲಪ್ಪ ಕಾಕಾ ಮುಂದೆ ನಿಂತು ಹಾಡುವವರು, ನಮ್ಮವರು ಸಾಲಿನ ಎಡಗಡೆಯ ತುದಿಯಲ್ಲಿ ನಿಂತು ದನಿ ಹಿಡಿಯುವವರು. ಮುಂದಿನವರು ಒಂದು ಸಾಲು ಹಾಡಿ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು, ಹಿಂದಿನವನೊಬ್ಬ 'ಆ...' ಎಂದು ಕೊನೆಯ ದನಿಯನ್ನು ಬಿಡದೆ ಹಿಡಿದಿರಬೇಕು. ಅದರಲ್ಲಿ ಒಂದು ಶಬ್ದವಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ಮಂದಿಯ ಮೇಳವನ್ನು ಊರಿಗೆಲ್ಲ ಹೇಳುತ್ತೀ, ಗಂಡನ ಮೇಳವನ್ನು ಒಬ್ಬರಿಗೂ ಹೇಳುವುದಿಲ್ಲ ಎಂದು ಅವರು ನಗುತ್ತಿದ್ದರು. ನಿಮ್ಮನ್ನು ದಿನಾ ಕೇಳುತ್ತೇನಲ್ಲ, ಸಾಕಾಗಲಿಲ್ಲವೇ ಎಂದು ನಾನೂ ನಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೊಲದಲ್ಲಿ ಎದೆ ನೋವು ಎಂದರು, ಗೋಕಾಕದ ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು.

ನಾನು ಅಳಲಿಲ್ಲ. ಹಟ ಮಾಡಿ ಅಲ್ಲ, ಅಳು ಬರಲೇ ಇಲ್ಲ. ಬಂದ ಮಂದಿಗೆ ಚಹಾ ಮಾಡಿಕೊಟ್ಟೆ. ದಿನಕರ್ಮ ಮುಗಿದ ಮೇಲೆ ಮಷಿನ್ ಮೇಲಿನ ಧೂಳು ಒರೆಸಿ ಹೊಲಿಯಲು ಕೂತೆ. ಮೈಯೆಲ್ಲ ಜೋಮು ಹಿಡಿದ ಹಾಗೆ. ಸೂಜಿ ಬೆರಳಿಗೆ ಹೊಕ್ಕರೂ ರಕ್ತ ನೋಡಿದ ಮೇಲೆಯೇ ಗೊತ್ತಾಗುತ್ತಿತ್ತು. ಪದ ಕೇಳುವುದನ್ನೂ ಬಿಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಗಿರಾಕಿಯೊಬ್ಬಳ ರವಿಕೆಗೆ ಗುಂಡಿ ಹಚ್ಚುತ್ತಿದ್ದೆ. ನಮ್ಮವರು ನನ್ನನ್ನು ಹೇಗೆ ಕರೆಯುತ್ತಿದ್ದರು ಎಂದು ಸುಮ್ಮನೆ ನೆನೆಸಿಕೊಂಡೆ... ದನಿ ಬರಲಿಲ್ಲ. ಮುಖ ಇತ್ತು, ನಡಿಗೆ ಇತ್ತು, ಅವರ ಕಂಬಳಿಯ ವಾಸನೆ ಇತ್ತು. ಬಾಯಿ ಅಲುಗುತ್ತಿತ್ತು. ದನಿ ಮಾತ್ರ ಇಲ್ಲ.

ಆಗ ನಾನು ಹೆದರಿದೆ. ಅವರು ಹೋದಾಗ ಹೆದರಿರಲಿಲ್ಲ, ಆಗ ಹೆದರಿದೆ.

ಮೊಬೈಲ್ ಎಲ್ಲ ಜಾಲಾಡಿದೆ. ಅವರು ಮಿಸ್ಡ್ ಕಾಲ್ ಕೊಡುವ ಗಿರಾಕಿ, ಒಂದು ವಾಯ್ಸ್ ಮೆಸೇಜ್ ಕಳಿಸಿದವರಲ್ಲ. ಅವರ ಮೇಳದ ಹಳೆಯ ಆಲ್ಬಂಗಳನ್ನು ಒಂದೊಂದಾಗಿ ಹಾಕಿದೆ. ಎಲ್ಲದರಲ್ಲೂ ಯಲ್ಲಪ್ಪ ಕಾಕಾ ಮತ್ತು ಡೊಳ್ಳು, ಅಷ್ಟೇ. ರೆಕಾರ್ಡ್ ಮಾಡುವವರೆಲ್ಲ ಮೊಬೈಲುಗಳನ್ನು ಮುಂದಿನವರ ಕಾಲಬುಡದಲ್ಲಿ ಇಡುತ್ತಾರೆ. ತುದಿಯಲ್ಲಿ ನಿಂತವನ ದನಿ ಯಾರಿಗೆ ಬೇಕು? ಆ ಗದ್ದಲದೊಳಗೆ ನನ್ನ ಗಂಡ ಎಲ್ಲೋ ಇದ್ದರು, ಆರಿಸಿ ತೆಗೆಯಲು ನನಗೆ ಬರಲಿಲ್ಲ. ಅವರ ದನಿಯನ್ನು ಒಮ್ಮೆ ಕೇಳಬೇಕು, ಒಂದೇ ಒಂದು ಸಲ. ನನಗೆ ಬೇರೇನೂ ಬೇಕಿರಲಿಲ್ಲ.

ಹೀಗಿರುವಾಗ ದೀಪಾವಳಿ ಆದ ಮೇಲೆ ಗುಂಪಿನಲ್ಲಿ ಮುತ್ತಣ್ಣ ಒಂದು ಹೊಸ ಆಲ್ಬಂ ಹಾಕಿದ. ಅವನು ನಿಡಸೋಸಿಯವನು, ಬಸ್ ಕಂಡಕ್ಟರ್, ಒಳ್ಳೆಯ ಕಿವಿ. ಅಮಾವಾಸ್ಯೆಯ ರಾತ್ರಿ ತನ್ನ ಊರಿನ ಬಾಜೂ ಹಳ್ಳಿಯಲ್ಲಿ ಯಲ್ಲಪ್ಪ ಕಾಕಾನ ಮೇಳ ಹಾಡಿದ್ದಂತೆ. ಮುಂದೆ ಮೊಬೈಲ್ ಇಡಲು ಜಾಗ ಸಿಗದೆ, ಎಡಗಡೆಯ ತುದಿಯ ಕಂಬಕ್ಕೆ ತನ್ನ ಮೊಬೈಲ್ ಕಟ್ಟಿದ್ದನಂತೆ. ಕೆಳಗೆ ಬರೆದಿದ್ದ:

'ಎರಡನೇ ಪದದಿಂದ ಕೇಳ್ರಿ. ಮುಂದಿನವರನ್ನ ಬಿಡ್ರಿ, ಎಡಗಡೆ ತುದಿಗೆ ನಿಂತು ದನಿ ಹಿಡದಾಂವನ್ನ ಕೇಳ್ರಿ. ಯಾರೋ ಗೊತ್ತಿಲ್ಲ, ನನಗ ಕತ್ತಲದಾಗ ಮುಖ ಕಾಣಲಿಲ್ಲ. ಇಷ್ಟ ವರ್ಷದಾಗ ಇಂಥಾ ದನಿ ಕೇಳಿಲ್ಲ.'

ಮಷಿನ್ ಪೆಡಲ್ ಮೇಲಿನ ಕಾಲು ನಿಂತುಬಿಟ್ಟಿತು.

ಅವರ ಜಾಗಕ್ಕೆ ಬೇರೆಯವರನ್ನು ನಿಲ್ಲಿಸಿದ್ದಾರೆ ಎಂದುಕೊಂಡೆ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಯಲ್ಲಪ್ಪ ಕಾಕಾಗೆ ಫೋನ್ ಹಚ್ಚಿ, ಹೊಸಬ ಯಾರು ಎಂದು ಕೇಳಿದೆ.

"ಆ ಜಾಗಾ ಖಾಲಿ ಐತಿ ಮಾಯಾ," ಎಂದರು ಕಾಕಾ. "ವರ್ಷ ತುಂಬೂತನಕಾ ಅಲ್ಲಿ ಯಾರನ್ನೂ ನಿಂದ್ರಸಂಗಿಲ್ಲ. ಅವನ ಕಂಬಳಿ ಮಡಚಿ ಇಟ್ಟ, ಅದರ ಮ್ಯಾಲ ಅವನ ತಾಳ ಇಟ್ಟ ಹಾಡತೇವಿ. ದನಿ ಹಿಡಿಯಾಕ ಯಾರೂ ಇಲ್ಲ."

ಇದು ಅವರ ಮೇಳದ ಹಳೆಯ ಪದ್ಧತಿ, ನನಗೂ ಗೊತ್ತಿತ್ತು. ಮೇಳದವನೊಬ್ಬ ತೀರಿಕೊಂಡರೆ ಒಂದು ವರ್ಷ ಅವನ ಜಾಗಕ್ಕೆ ಇನ್ನೊಬ್ಬ ಸರಿಯುವಂತಿಲ್ಲ, ಅವನ ಕೆಲಸವನ್ನೂ ಮಾಡುವಂತಿಲ್ಲ. ಹಾಗಾದರೆ ಮುತ್ತಣ್ಣ ಕೇಳಿದ್ದು ಯಾರನ್ನು ಎಂದೆ.

"ಅದನ್ನ ನನಗ ಕೇಳಬ್ಯಾಡವಾ," ಎಂದರು ಕಾಕಾ, ದನಿ ತೀರಾ ಇಳಿಸಿ. "ಖರೆ ಹೇಳತೇನಿ, ಆ ರಾತ್ರಿ ನನಗ ಉಸುರು ಸಿಕ್ತು. ಬೇಸಿಗಿಯಿಂದ ಈಚೆ ಸಿಕ್ಕಿದ್ದಿಲ್ಲ... ಅವತ್ತ ಸಿಕ್ತು. ತಿರುಗಿ ನೋಡೂ ಧೈರ್ಯ ಆಗಲಿಲ್ಲ."

ಫೋನ್ ಇಡುವ ಮೊದಲು ಒಬ್ಬಳೇ ಕೂತು ಅದನ್ನು ಕೇಳಬೇಡ ಎಂದು ಎರಡೆರಡು ಸಲ ಹೇಳಿದರು. ಮೇಳದ ಇಬ್ಬರು ಹುಡುಗರು ಅದನ್ನು ಕೇಳಿ, ಮುಂದಿನ ಹಾಡಿಕೆಗೆ ಬರುವುದಿಲ್ಲ ಎಂದು ಕೂತಿದ್ದರಂತೆ.

ಒಬ್ಬಳೇ ಕೇಳಬಾರದು ಎಂದರೆ ನಾನು ಯಾರನ್ನು ಕರೆಯಲಿ?

ಮುತ್ತಣ್ಣನಿಗೆ ಬೇರೆಯಾಗಿ ಮೆಸೇಜ್ ಮಾಡಿದೆ. ಕತ್ತರಿಸಿದ ಆಲ್ಬಂ ಬೇಡ, ಇಡೀ ರಾತ್ರಿಯ ರೆಕಾರ್ಡಿಂಗ್ ಹಾಗೇ ಕಳಿಸು ಎಂದೆ. ಅದರಲ್ಲಿ ಡೊಳ್ಳು ಕಾಯಿಸುವುದು, ಕೆಮ್ಮುವುದು, ಚಹಾ ಕುಡಿಯುವುದೇ ಬಹಳ ಅಕ್ಕಾರ, ನಾನೇ ಅದನ್ನೆಲ್ಲ ಕೇಳಿಲ್ಲ ಎಂದ. ಇರಲಿ ಕಳಿಸಪ್ಪಾ ಎಂದೆ. ಕಳಿಸಿದ.

ಅವತ್ತು ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಊಟ ಬೇಕೆನಿಸಲಿಲ್ಲ. ಕಂದೀಲು ಹಚ್ಚಿ, ಬಾಗಿಲು ಹಾಕಿ, ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಹೊರಗೆ ಯಾರೋ ಕಬ್ಬಿನ ಒಣಗರಿ, ರವದಿ ಸುಟ್ಟಿದ್ದರು, ಆ ಹೊಗೆಯ ವಾಸನೆ ಕಿಡಕಿಯಿಂದ ಬರುತ್ತಿತ್ತು.

ಯಲ್ಲಪ್ಪ ಕಾಕಾ ಒಂದು ಸಾಲು ಹಾಡಿ ನಿಲ್ಲಿಸಿದರು. ಡೊಳ್ಳು ತಗ್ಗಿತು.

'ಆ...'

ಬಹಳ ಹತ್ತಿರ. ಮೊಬೈಲಿಗೆ ಬಾಯಿ ಹಚ್ಚಿ ನಿಂತಷ್ಟು ಹತ್ತಿರ. ನಡುಗದೆ, ಏರದೆ, ಇಳಿಯದೆ ಆ ದನಿ ಹಾಗೇ ನಿಂತಿತು. ಕಾಕಾ ಮತ್ತೆ ಶುರು ಮಾಡಿದ ಕೂಡಲೇ ಸರಿದು ದಾರಿ ಬಿಟ್ಟಿತು. ಮತ್ತೊಂದು ಸಾಲು... ಮತ್ತೆ 'ಆ...'

ಹೆದರಿಕೆಯಾಗಲಿಲ್ಲ. ನನಗೆ ಗುರುತು ಹತ್ತಲಿಲ್ಲ!

ಬಾಯಿ ಬಿಟ್ಟು ಹೇಳದಿದ್ದರೂ ಕಾಕಾ ಅದು ಅವನೇ ಎಂದುಕೊಂಡಿದ್ದಾರೆ. ಮೇಳದ ಹುಡುಗರು ಅದು ಅಣ್ಣನೇ ಎಂದು ಹೆದರಿ ಮನೆ ಹಿಡಿದಿದ್ದಾರೆ. ಹೆಂಡತಿ ನಾನು, ನನಗೆ ಗೊತ್ತಾಗುತ್ತಿಲ್ಲ. ಸಾಲಿನಲ್ಲಿ ನಿಂತು ಹಿಡಿಯುವ ಆ ದನಿಯನ್ನು ಅವರು ಯಾವತ್ತೂ ಮನೆಗೆ ತಂದವರಲ್ಲ. ಬೆಳಗಿನ ಜಾವ ಬಂದು ಪಿಸುಗುಟ್ಟಿ ಮಾತಾಡುವ ಗಂಡ ನನ್ನ ಗಂಡ. ಯಾರೋ ಪರಪುರುಷನ ದನಿ ಕೇಳುತ್ತಿದ್ದೇನೆ ಎನ್ನಿಸಿತು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇಷ್ಟೇ ನನ್ನ ಹಣೆಬರಹ ಎಂದುಕೊಂಡು, ಹಾಡು ನಿಲ್ಲಿಸದೆ, ಕಂದೀಲಿನ ಬೆಳಕಿನಲ್ಲಿ ಒಂದು ಲಂಗದ ಅಂಚು ಮಡಚುತ್ತ ಕೂತೆ.

ಪದ ಮುಗಿಯಿತು. ಅದರ ಹಿಂದೆ ಇನ್ನೂ ಎಷ್ಟೋ ಪದ ಮುಗಿದವು. ಆಮೇಲೆ ಡೊಳ್ಳು ಕಾಯಿಸುವ ಬಿಡುವು.

ಇಬ್ಬನಿಗೆ ತೊಗಲು ಸಡಿಲಾಗುತ್ತದೆ, ಅದಕ್ಕೆ ಬೆಳಗಿನ ಜಾವ ಬೆಂಕಿ ಮಾಡಿ ಡೊಳ್ಳಿನ ಮುಖವನ್ನು ಶಾಖಕ್ಕೆ ಹಿಡಿಯುತ್ತಾರೆ. ಕಟ್ಟಿಗೆ ಚಟಚಟ ಅನ್ನುವುದು ಕೇಳಿತು. ಯಾರೋ ಬೆರಳಿನಿಂದ ಡೊಳ್ಳನ್ನು ತಟ್ಟಿ ನೋಡಿದರು. ಚಹಾದ ಕಪ್ಪುಗಳು. ಒಬ್ಬ ಆಕಳಿಸಿದ.

ಬಿಸಿಯಾದ ತೊಗಲಿನ ವಾಸನೆ ಬಂತು... ಖೋಲಿಯೊಳಗೆ. ಕಬ್ಬಿನ ಹೊಗೆಯಲ್ಲ, ತೊಗಲಿನದೇ. ಅದರ ಹಿಂದೆಯೇ ಇಬ್ಬನಿಗೆ ನೆನೆದ ಕಂಬಳಿಯ ವಾಸನೆ. ನಾನು ತಲೆ ಎತ್ತಲಿಲ್ಲ. ಸೂಜಿ ಹಿಡಿದ ಕೈ ಹಾಗೇ ನಿಂತಿತ್ತು.

ದೂರದಿಂದ ಯಲ್ಲಪ್ಪ ಕಾಕಾನ ಮಾತು ಕೇಳಿತು. "ಮುಂಜಾನಿ ಹೋಗೂವಾಗ ಮಾಯವ್ವನ ಮನಿ ಮುಂದ ಗಾಡಿ ನಿಂದ್ರಸೂಣು. ಬೀರಪ್ಪನ ಪ್ರಸಾದ, ಅರಿಷಿಣ ಭಂಡಾರ ಕೊಟ್ಟ ಹೋಗೂಣು."

ಬೆಂಕಿ ಚಟಚಟ ಎಂದಿತು.

ಆಮೇಲೆ, ಕಂಬದ ಪಕ್ಕದಿಂದಲೇ, ಬಹಳ ಮೆಲ್ಲಗೆ...

"ಬ್ಯಾಡ ಕಾಕಾ. ಎಬ್ಬಸಬ್ಯಾಡ್ರಿ. ಆಕಿ ಈಗ ಮಲಗ್ಯಾಳ."

ಗೊತ್ತಾಯಿತು. ಅರೆಗಳಿಗೆಯೂ ಬೇಕಾಗಲಿಲ್ಲ. ಅದು ಅವರೇ. ಹಾಡಿಕೆ ಮುಗಿಸಿ ಬಂದು, ಗಾಡಿಯಲ್ಲಿದ್ದವರಿಗೆ ಗದ್ದಲ ಮಾಡಬೇಡಿ ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದ ದನಿ. ಎಷ್ಟು ವರ್ಷ ಅರೆನಿದ್ದೆಯಲ್ಲಿ ಕೇಳಿದ್ದೆನೋ! ಮತ್ತೆ ಹಾಕಿದೆ. ಮತ್ತೆ ಮತ್ತೆ ಹಾಕಿದೆ. ಅಳು ಬಂದೀತು ಎಂದು ಕಾದೆ, ಬರಲಿಲ್ಲ. ಎದೆಯ ಮೇಲೆ ಯಾರೋ ಕೈ ಇಟ್ಟಷ್ಟು ಭಾರವಾಯಿತು, ಅಷ್ಟೇ.

ಬೆಳಗಾದ ಮೇಲೆ ಯಲ್ಲಪ್ಪ ಕಾಕಾನ ಮನೆಗೆ ಹೋದೆ. ಆ ತುಣುಕನ್ನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಭಂಡಾರದ ಮಾತು ತಾವು ಆಡಿದ್ದು ನೆನಪಿದೆ ಎಂದರು. ಯಾರಾದರೂ ಜವಾಬು ಕೊಟ್ಟಿದ್ದು ನೆನಪಿಲ್ಲವಂತೆ. ಆದರೆ ಅವತ್ತು ಗಾಡಿ ನಮ್ಮ ಮನೆಯ ಮುಂದೆ ಬಂದಾಗ ಡ್ರೈವರನಿಗೆ ನಿಲ್ಲಿಸಬೇಡ ಎಂದು ಇವರೇ ಹೇಳಿದ್ದರಂತೆ. ಯಾಕೆ ಎಂದು ಅವರಿಗೇ ಗೊತ್ತಿಲ್ಲ, ಯಾಕೋ ಬೇಡ ಅನ್ನಿಸಿತಂತೆ.

"ಆ ರಾತ್ರಿ ನೀ ಮಲಗಿದ್ದೇನವಾ?" ಎಂದು ಕೇಳಿದರು.

ಮಲಗಿದ್ದೆ ಎಂದೆ. ಮುದುಕರು, ಹೆದರಿಸುವುದು ಬೇಡ ಎಂದು.

ನಾನು ಮಲಗಿರಲಿಲ್ಲ. ಅಮಾವಾಸ್ಯೆಯ ರಾತ್ರಿಯಿಡೀ ಮಮದಾಪುರದ ಮದುವೆಯ ರವಿಕೆಗಳನ್ನು ಹೊಲಿಯುತ್ತ ಕೂತಿದ್ದೆ, ಬೆಳಿಗ್ಗೆ ಮದುವೆ ಮನೆಯವರು ಬಂದು ಒಯ್ದಿದ್ದರು. ನಮ್ಮವರು ಹೋದಾಗಿನಿಂದ ನಾನು ರಾತ್ರಿ ಕಣ್ಣು ಮುಚ್ಚಿಯೇ ಇಲ್ಲ. ಹಗಲು ಊಟವಾದ ಮೇಲೆ ಒಂದಿಷ್ಟು ಗೋಡೆಗೆ ಒರಗಿದರೆ ಅದೇ ನಿದ್ದೆ. ಹಾಗಿದ್ದರೆ ಅವರು ಯಾರನ್ನು ನೋಡಿ ಬಂದು ಹಾಗೆ ಹೇಳಿದರು? ನನ್ನ ಹಾಸಿಗೆಯಲ್ಲಿ ಯಾರು ಮಲಗಿದ್ದರು? ಮುಂದಿನ ಖೋಲಿಯಲ್ಲಿ ಮಷಿನ್ ತುಳಿಯುತ್ತ ಕೂತ ನಾನು ಅವರಿಗೆ ಕಾಣಲಿಲ್ಲವೇ?

ಗುಂಪಿನಲ್ಲಿ ಈಗಲೂ ಕೇಳುತ್ತಾರೆ, ಅಕ್ಕಾರ ಯಾವುದಾದರೂ ಹೊಸ ಆಲ್ಬಂ ಹೇಳ್ರಿ ಎಂದು. ಹುಕ್ಕೇರಿಯ ಹೆಣ್ಣುಮಕ್ಕಳ ಮೇಳವನ್ನೇ ಹೇಳುತ್ತೇನೆ. ಆ ಬಿಡುವಿನ ತುಣುಕನ್ನು ಯಾರಿಗೂ ಕಳಿಸಿಲ್ಲ, ಕಳಿಸುವುದೂ ಇಲ್ಲ.

ಈಗ ಬೆಳಗಿನ ಜಾವವಾಗುತ್ತಿದ್ದಂತೆ ಮಷಿನ್ ನಿಲ್ಲಿಸಿಬಿಡುತ್ತೇನೆ. ದೀಪ ಆರಿಸಿ, ಗೋಡೆಯ ಕಡೆ ಮುಖ ಮಾಡಿ, ಹೊದ್ದುಕೊಂಡು ಮಲಗುತ್ತೇನೆ. ನಿದ್ದೆ ಬರುವುದಿಲ್ಲ, ಕಣ್ಣು ಮುಚ್ಚಿಕೊಂಡಿರುತ್ತೇನೆ. ಆಕೆ ಮಲಗಿದ್ದಾಳೆ ಎಂದು ಅವರು ಎಲ್ಲರೆದುರು ಹೇಳಿದ್ದಾರೆ. ಬಂದು ನೋಡಿದರೆ ಅವರ ಮಾತು ಸುಳ್ಳಾಗಬಾರದು.